ಪಶ್ಚಿಮದ ಸಾರುವೆಯ ಮೂರು ಮೊಟ್ಟೆ

ಒಂದು ಹಿಡಿ ಪುಟ್ಟಿ, ನಾಲ್ಕು ಹನಿ ನೀಲಿ ಬಣ್ಣ, ಒಂದು ಗುಪ್ಪೆ ನಾರು, ಒಂದು ಮಾರು ಹಸಿರು ದಾರ. ಎಲ್ಲ ಸೇರಿಸಿದರೂ ಒಂದು ಲೋಟ ಚಹಾದ ದುಡ್ಡಾಗದು. ಅದೇ ಸಾಮಾನು ಗುತ್ತಿಗೆದಾರನ ತಲೆಗೆ ಕಟ್ಟಿದ ಖರ್ಚು ಬೇರೆ: ಹನ್ನೆರಡು ದಿನ ಸುಮ್ಮನೆ ನಿಂತ ಕ್ರೇನಿನ ಬಾಡಿಗೆ, ಕೈಕಟ್ಟಿ ಕೂತ ಗಾರೆಯವರ ಕೂಲಿ, ಬ್ಯಾಂಕಿನವರು ತಡೆಹಿಡಿದ ಒಂದು ಕಂತು. ಗುರುವಾರ ಬೆಳಗ್ಗೆ ಹತ್ತೂಕಾಲಿಗೆ ಅವನು ಠಾಣೆಯ ಮೆಟ್ಟಿಲು ಹತ್ತಿದಾಗ, ತಲೆಯ ಮೇಲಿರಬೇಕಾದ ಹೆಲ್ಮೆಟ್ಟನ್ನು ಬುಟ್ಟಿಯ ಹಾಗೆ ಅಂಗಾತ ಹಿಡಿದುಕೊಂಡಿದ್ದ. ಅದರೊಳಗೆ ಒಂದು ಹಕ್ಕಿಗೂಡು. ಗೂಡಿನಲ್ಲಿ ಎರಡೂವರೆ ಮೊಟ್ಟೆ.

"ಸಾರ್, ನನಗೆ ಮೋಸ ಆಗಿದೆ."

"ಯಾರಿಂದ?" ಇನ್‌ಸ್ಪೆಕ್ಟರ್ ಕೇಳಿದರು.

"ಹಕ್ಕಿಯಿಂದ."

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇನ್‌ಸ್ಪೆಕ್ಟರು ಹೆಂಡತಿಯ ಮೇಲೆ, ನೆರೆಯವನ ಮೇಲೆ, ಒಮ್ಮೆ ಒಂದು ಎಮ್ಮೆಯ ಮೇಲೂ ದೂರು ಬರೆದುಕೊಂಡಿದ್ದರು. ಹಕ್ಕಿಯ ಮೇಲೆ ಇದೇ ಮೊದಲು. ಚಹಾದ ಲೋಟ ಕೆಳಗಿಟ್ಟು, ಒಡೆದ ಮೊಟ್ಟೆಯ ಚೂರನ್ನು ಉಗುರಿನಿಂದ ಕೆರೆದು ನೋಡಿದರು. ಒಳಗೆ ಲೋಳೆಯಿಲ್ಲ, ಹಳದಿಯಿಲ್ಲ. ಬಿಳಿಯ ಗಟ್ಟಿ ಪುಡಿ. ಗೋಡೆಗೆ ಬಣ್ಣ ಹೊಡೆಯುವ ಮುಂಚೆ ಹಚ್ಚುತ್ತಾರಲ್ಲ, ಆ ಪುಟ್ಟಿ.

ಗುತ್ತಿಗೆದಾರ ಹೇಳಿದ್ದಿಷ್ಟು. ಅವನು ಕಟ್ಟುತ್ತಿರುವುದು ಐದು ಮಹಡಿಯ ಆಸ್ಪತ್ರೆ. ಸಾಲ ಕೊಟ್ಟ ಬ್ಯಾಂಕಿನವರು ಕೆಲಸ ಶುರುವಾಗುವ ಮೊದಲೇ ಸುರಕ್ಷತೆ ಮತ್ತು ಪರಿಸರ ನಿರ್ವಹಣೆಯ ಯೋಜನೆ ಬರೆಸಿಕೊಂಡಿದ್ದರು. ಅದರಲ್ಲಿ ಒಂದು ಸಾಲು: ಕಟ್ಟಡದಲ್ಲಿ ಹಕ್ಕಿ ಮೊಟ್ಟೆಯಿಟ್ಟರೆ ಮರಿ ಹಾರಿಹೋಗುವ ತನಕ ಆ ಬದಿಯ ಕೆಲಸ ನಿಲ್ಲಿಸಬೇಕು, ಇಲ್ಲವಾದರೆ ಕಂತು ಬಿಡುಗಡೆ ಇಲ್ಲ. ಹನ್ನೆರಡು ದಿನದ ಹಿಂದೆ, ಶನಿವಾರ ಬಂದ ಬ್ಯಾಂಕಿನ ಎಂಜಿನಿಯರ್, ಆಳುಗಳು ನಿಂತು ಕೆಲಸ ಮಾಡಲೆಂದು ಪಶ್ಚಿಮದ ಗೋಡೆಗೆ ಪೈಪು, ಹಲಗೆಯಿಂದ ಕಟ್ಟಿ ನಿಲ್ಲಿಸಿದ್ದ ಸಾರುವೆಯ ಮೂರನೆಯ ಅಂತಸ್ತಿನಲ್ಲಿ ಈ ಗೂಡು ಕಂಡು ಫೋಟೋ ಹೊಡೆದುಕೊಂಡಿದ್ದ. ಅಲ್ಲಿಗೆ ಆ ಬದಿ ಬಂದ್, ಆ ಗೋಡೆ ಮುಗಿದ ಮೇಲೆ ಬರಬೇಕಿದ್ದ ಕಂತೂ ಬಂದ್.

"ಮೊಟ್ಟೆ ಸುಳ್ಳು ಅಂತ ಅವರಿಗೆ ಗೊತ್ತಾಗಲಿಲ್ವಾ?"

"ಗೊತ್ತಾಗೋದು ಹೇಗೆ ಸಾರ್? ಪಾರಿವಾಳ ಒಂದು ಬಂದು ಅದರ ಮೇಲೆ ಕಾವಿಗೆ ಕೂತಿತ್ತು! ಇವತ್ತು ನನಗೆ ತಾಳ್ಮೆ ಕೆಟ್ಟುಹೋಯ್ತು. ಎಷ್ಟು ದಿನ ಆಯ್ತು, ಮರಿ ಆಗೋ ಲಕ್ಷಣ ಇದೆಯೋ ಇಲ್ವೋ ನೋಡೋಣ ಅಂತ ಕೋಲಿನಿಂದ ಮೆಲ್ಲಗೆ ತಟ್ಟಿದೆ. ಟಣ್ ಅಂತು."

ಮೂಲೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ತಲೆಯೆತ್ತಿದಳು. "ಮೋಸ ಹೋದವರ ಹೆಸರಿನಲ್ಲಿ ಪಾರಿವಾಳವನ್ನೂ ಸೇರಿಸ್ಲಾ ಸರ್?"

"ನೀನು ಬರಿಯಮ್ಮ ಸುಮ್ಮನೆ," ಅಂದರು ಇನ್‌ಸ್ಪೆಕ್ಟರ್, ಮೀಸೆಯ ಕೆಳಗೆ ನಗು ಅದುಮಿಕೊಂಡು. "ಯಾರ ಮೇಲಾದರೂ ಅನುಮಾನ?"

"ನಮ್ಮ ಸೇಫ್ಟಿ ಆಫೀಸರ್ ಮೇಲೆ. ಆ ಹಕ್ಕಿ ಸಾಲು ಬರೆದವನೇ ಅವನು."

ವಂಚನೆ ಮತ್ತು ನಷ್ಟ ಉಂಟುಮಾಡಿದ ಆರೋಪದಡಿ ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು. ಸಹಿ ಮಾಡಲು ಪೆನ್ನು ಹುಡುಕಿದರೆ ಮೇಜಿನ ಮೇಲೆ ಇರಲಿಲ್ಲ. ಠಾಣೆಯ ಪೆನ್ನು ಯಾವತ್ತೂ ಇರುವುದಿಲ್ಲ. ಕಳ್ಳರನ್ನು ಹಿಡಿಯುವ ಜಾಗದಲ್ಲೇ ವಾರಕ್ಕೆ ಮೂರು ಪೆನ್ನು ಮಾಯ. ಗುತ್ತಿಗೆದಾರ ತನ್ನ ಜೇಬಿನದೇ ತೆಗೆದು ಸಹಿ ಹಾಕಿ, "ನಾಳೆ ಬೆಳಗ್ಗೆಯಿಂದಲೇ ಆ ಬದಿ ಆಳು ಹತ್ತಿಸ್ತೀನಿ ಸಾರ್. ಆದಷ್ಟು ಬೇಗ ನಿಮ್ಮ ಕೆಲಸ ಮುಗಿಸ್ಕೊಡಿ," ಎಂದು ಅವಸರಿಸಿದ.

ಮಧ್ಯಾಹ್ನ ಸ್ಥಳ ಪಂಚನಾಮೆ. ಇನ್‌ಸ್ಪೆಕ್ಟರಿಗೆ ಎತ್ತರವೆಂದರೆ ಆಗದು. ಠಾಣೆಯ ಮಾಳಿಗೆಯ ನೀರಿನ ಟ್ಯಾಂಕು ತುಂಬಿದೆಯೇ ನೋಡುವುದಕ್ಕೂ ಇನ್ನೊಬ್ಬರನ್ನು ಕಳಿಸುವ ಮನುಷ್ಯ. ಆದರೆ ಗುತ್ತಿಗೆದಾರ ನೋಡುತ್ತಿದ್ದಾನೆ, ಸಾರುವೆ ಕಟ್ಟುವವರ ಮುಖ್ಯಸ್ಥ ನೋಡುತ್ತಿದ್ದಾನೆ. ಈ ಮುಖ್ಯಸ್ಥನನ್ನು ಎಲ್ಲರೂ ಏಣಿಮಾಮ ಎನ್ನುತ್ತಿದ್ದರು. ಕಡ್ಡಿಯಂಥ ಕಾಲು, ನೆಲದ ಮೇಲೆ ನಡೆಯುವಾಗಲೂ ಮೆಟ್ಟಿಲು ಹುಡುಕುವವನ ನಡಿಗೆ. ಅವನ ಹಿಂದೆ ಇನ್‌ಸ್ಪೆಕ್ಟರು ಕಬ್ಬಿಣದ ಏಣಿ ಹಿಡಿದು ಹತ್ತಿದರು. ಎರಡನೆಯ ಅಂತಸ್ತಿನಲ್ಲಿ ಇಡೀ ಸಾರುವೆ ಮೆಲ್ಲಗೆ ತೂಗಿತು.

"ಏನ್ರೀ ಇದು ಅಲ್ಲಾಡತ್ತೆ?"

"ಸ್ವಲ್ಪ ಉಸಿರಾಡತ್ತೆ ಸಾರ್, ಅಷ್ಟೆ," ಅಂದ ಏಣಿಮಾಮ. "ನೀವು ಮಾತ್ರ ಉಸಿರು ಬಿಗಿಹಿಡಿದು ಬನ್ನಿ."

ಮೂರನೆಯ ಅಂತಸ್ತಿಗೆ ತಲುಪಿದಾಗ ಇನ್‌ಸ್ಪೆಕ್ಟರ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿ ಮಹಿಳಾ ಪೇದೆ ಆಗಲೇ ಬಂದು, ಗೋಡೆಯ ಕಿಟಕಿಯ ತೆರಪಿನಿಂದ ಕತ್ತು ಹೊರಗೆ ಹಾಕಿ ನಿಂತಿದ್ದಳು.

"ನೀನು ಹೇಗೆ ಬಂದೆ?"

"ಒಳಗಡೆ ಮೆಟ್ಟಿಲು ಇದೆ ಸರ್."

ಅವರು ಏಣಿಮಾಮನನ್ನು ಒಮ್ಮೆ ದುರುಗುಟ್ಟಿ ನೋಡಿದರು.

ಆದರೆ ಆ ಮೆಟ್ಟಿಲಿನಿಂದ ಒಂದು ಸಂಗತಿ ಖಚಿತವಾಯಿತು. ಗೂಡು ಕಟ್ಟಿದವರು ಸಾರುವೆ ಹತ್ತಿರಲಿಲ್ಲ. ಕಿಟಕಿಯ ಕೆಳಗೆ ಒಂದು ಖಾಲಿ ಬಣ್ಣದ ಡಬ್ಬ ಬೋರಲು ಬಿದ್ದಿತ್ತು. ಅದರ ಮೇಲೆ ನಿಂತು ಕೈ ಚಾಚಿದರೆ ಗೂಡಿದ್ದ ಪೈಪು ಸಿಗುತ್ತದೆ. ಪೇದೆಗೆ ಡಬ್ಬ ಬೇಕಾಗಲಿಲ್ಲ. ಕಟ್ಟಿದವರು ಅವಳಿಗಿಂತ ಗಿಡ್ಡ, ಕಟ್ಟಡದ ಒಳಗೆ ಯಾರೂ ಪ್ರಶ್ನಿಸದಂತೆ ಓಡಾಡುವವರು.

ಪೈಪಿಗೆ ಹಸಿರು ದಾರದ ಎರಡು ತುಂಡು ಇನ್ನೂ ಅಂಟಿಕೊಂಡಿದ್ದವು. ಗುತ್ತಿಗೆದಾರ ಸಿಟ್ಟಿನಲ್ಲಿ ಗೂಡು ಕಿತ್ತಿದ್ದರೂ ಗಂಟು ಬಿಚ್ಚಿರಲಿಲ್ಲ. ಗೂಡಿನ ಆ ಕಡೆ ಒಂದು, ಈ ಕಡೆ ಒಂದು, ಜೋಡಿಗಂಟು. ದಾರದ ತುದಿ ಎಳೆಬಿಡದ ಹಾಗೆ ಬೆಂಕಿಗೆ ಹಿಡಿದು ಸುಟ್ಟು ಉಂಡೆ ಮಾಡಿದ್ದರು.

ಇನ್‌ಸ್ಪೆಕ್ಟರು ಆ ಗಂಟನ್ನೂ ನೋಡಿದರು, ಸುತ್ತಲಿನ ಹಲಗೆಗಳನ್ನೂ ನೋಡಿದರು. ಹಲಗೆಯ ಅಂಚಿನಲ್ಲಿ ಒಂದು ಸುತ್ತಿಗೆ, ಕೆಳಗೆ ಬೀಳಲೋ ಬೇಡವೋ ಎಂದು ಯೋಚಿಸುತ್ತಿರುವಂತೆ. ಅರ್ಧ ಗಾರೆಯಿದ್ದ ಬಾಂಡ್ಲಿ, ಎರಡು ಇಟ್ಟಿಗೆ, ಒಂದು ಕರಣೆ. ಯಾವುದಕ್ಕೂ ದಾರವಿಲ್ಲ, ತಡೆಯಿಲ್ಲ.

"ಮೇಲಿಡೋ ಸಾಮಾನನ್ನ ಕಟ್ಟಿಡಬೇಕು ಅಂತ ನಿಯಮ ಇಲ್ವಾ?"

"ಇದೆ ಸಾರ್," ಅಂದ ಏಣಿಮಾಮ. "ಗೇಟಿನ ಹತ್ತಿರ ಇಷ್ಟು ದೊಡ್ಡ ಬೋರ್ಡಿದೆ."

"ಈ ಇಡೀ ಕಟ್ಟಡದಲ್ಲಿ ಅದನ್ನ ಪಾಲಿಸಿರೋದು ಒಂದು ಸುಳ್ಳು ಹಕ್ಕಿ," ಅಂದರು ಇನ್‌ಸ್ಪೆಕ್ಟರ್. ದಾರದ ತುಂಡು ಕತ್ತರಿಸಿ ಲಕೋಟೆಗೆ ಹಾಕಿ, ಪಂಚರ ಸಹಿ ಮಾಡಿಸಿ, ಪಶ್ಚಿಮದ ಬದಿಗೆ ಪೊಲೀಸ್ ಪಟ್ಟಿ ಎಳೆಸಿದರು. ಇಳಿಯುವಾಗ ಮೆಟ್ಟಿಲಿನಿಂದ ಇಳಿದರು.

ಸೇಫ್ಟಿ ಆಫೀಸರ್ ಕನ್ನಡಕದ ಯುವಕ. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಹನ್ನೆರಡು ದಿನದ ಹಿಂದೆ ಎಲ್ಲಿದ್ರಿ?"

"ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ. ಹೆಣ್ಣು ಮಗು ಸಾರ್. ಒಂದು ವಾರ ರಜೆ ಹಾಕಿದ್ದೆ. ಬೇಕಾದರೆ ಆಸ್ಪತ್ರೆಯಲ್ಲಿ ಕೇಳಿ, ನರ್ಸಮ್ಮ ನನ್ನನ್ನ ಮೂರು ಸಲ ಬೈದು ಓಡಿಸಿದಾರೆ."

ಪೇದೆ ಫೋನಿನಲ್ಲಿ ವಿಚಾರಿಸಿದಳು. ನರ್ಸಮ್ಮನಿಗೆ ಆ ಯುವಕ ಚೆನ್ನಾಗಿ ನೆನಪಿದ್ದ.

"ಹಕ್ಕಿ ಸಾಲು ನೀವು ಬರೆದದ್ದಾ?"

"ಹೌದು. ಮನುಷ್ಯರದ್ದೂ ಬರೆದಿದ್ದೆ. ಸಾರುವೆಯನ್ನ ಗೋಡೆಗೆ ಬೋಲ್ಟು ಹಾಕಿ ಕಚ್ಚಿಸದೆ ಇದ್ದರೆ ಕೆಲಸ ನಿಲ್ಲಿಸಬೇಕು ಅಂತ. ಧಣಿಗಳು ಅದನ್ನ ಹೊಡೆದುಹಾಕಿಸಿ, ಗುತ್ತಿಗೆದಾರರ ಗಮನಕ್ಕೆ ತರಬೇಕು ಅಂತ ಮಾಡಿಸಿದ್ರು. ನಾಲ್ಕು ಸಲ ಗಮನಕ್ಕೆ ತಂದೆ. ಪ್ರತಿ ಸಲವೂ ಅವರ ಗಮನಕ್ಕೆ ಬಂತು, ಅಷ್ಟೆ."

"ಹಕ್ಕಿದು ಯಾಕೆ ಹೊಡೆದುಹಾಕಲಿಲ್ಲ?"

"ಈ ಧೂಳಿಗೆ ಯಾವ ಹಕ್ಕಿ ಬರತ್ತಯ್ಯಾ, ಬಿಡು ಅಂದ್ರು."

ಇನ್‌ಸ್ಪೆಕ್ಟರಿಗೆ ಸಾರುವೆ ಉಸಿರಾಡಿದ್ದು ನೆನಪಾಗಿ ಬೆನ್ನು ಮತ್ತೆ ಒದ್ದೆಯಾಯಿತು. "ಆ ಬೋಲ್ಟು ಎಲ್ಲಿವೆ?"

"ಸ್ಟೋರಿನಲ್ಲಿ. ಅಕ್ಕನ ಹತ್ತಿರ."

ಅಕ್ಕ ಎಂದರೆ ಗುತ್ತಿಗೆದಾರನ ಒಡಹುಟ್ಟಿದ ಅಕ್ಕ. ಐವತ್ತೈದು ದಾಟಿದ ಗಿಡ್ಡ ಹೆಂಗಸು, ಮದುವೆ ಮಾಡಿಕೊಂಡವಳಲ್ಲ. ತಮ್ಮನು ಮೊದಲ ಗೋಡೆ ಕಟ್ಟಿದಂದಿನಿಂದ ಅವನ ಸ್ಟೋರು ಅವಳದೇ. ಧಣಿಯ ಮಾತಿಗೆ ಆಚೀಚೆ ನೋಡುವ ಆಳುಗಳು ಅವಳ ಕೆಮ್ಮಿಗೆ ಸಾಲಾಗಿ ನಿಲ್ಲುತ್ತಿದ್ದರು.

ತಗಡಿನ ಆ ಕೋಣೆಗೆ ಇನ್‌ಸ್ಪೆಕ್ಟರು ಕಾಲಿಟ್ಟು ಒಂದು ಗಳಿಗೆ ಬಾಗಿಲಲ್ಲೇ ನಿಂತರು. ಗೋಡೆಯ ತುಂಬ ಮೊಳೆ, ಒಂದೊಂದು ಮೊಳೆಗೂ ಒಂದೊಂದು ಸಾಮಾನು, ಒಂದೊಂದು ಸಾಮಾನಿಗೂ ಒಂದೊಂದು ಕುಣಿಕೆ. ಕತ್ತರಿ ಮೇಜಿಗೆ ಕಟ್ಟಿತ್ತು. ನೀರಿನ ಲೋಟ ಕೊಡಕ್ಕೆ ಕಟ್ಟಿತ್ತು. ಅಕ್ಕನ ಕನ್ನಡಕ ಅಕ್ಕನ ಕೊರಳಿಗೆ ಕಟ್ಟಿತ್ತು. ಮೇಜಿನ ಮೇಲೆ ಒಂದು ಪೆನ್ನು, ಅದಕ್ಕೆ ಹಸಿರು ದಾರ, ದಾರದ ತುದಿ ಸುಟ್ಟು ಉಂಡೆಯಾಗಿತ್ತು. ಜೋಡಿಗಂಟು.

ಪೇದೆ ಇನ್‌ಸ್ಪೆಕ್ಟರ ಮುಖ ನೋಡಿದಳು. ಅವರು ಸುಮ್ಮನಿರು ಎನ್ನುವಂತೆ ಕಣ್ಣು ಮಿಟುಕಿಸಿದರು.

"ಪೆನ್ನು ಯಾಕಮ್ಮಾ ಕಟ್ಟಿದೀರಿ?"

"ಕಟ್ಟದೆ ಇದ್ರೆ ನಿಮ್ಮಂಥ ದೊಡ್ಡೋರೇ ಜೇಬಿಗೆ ಸಿಕ್ಕಿಸ್ಕೊಂಡು ಹೋಗ್ತಾರಲ್ಲ. ಕೂತ್ಕೊಳ್ಳಿ. ಆ ಸ್ಟೂಲ್ ಅಲ್ಲಾಡತ್ತೆ, ಈ ಕಡೇದು ತಗೊಳ್ಳಿ."

ಮೂಲೆಯಲ್ಲಿ ಗೋಣಿಚೀಲ ಒಂದರ ಮೇಲೊಂದು. ಬಾಯಿ ಹೊಲಿದದ್ದು ಹಾಗೇ ಇತ್ತು, ಮೇಲೆ ಧೂಳು.

"ಅದೇನು?"

"ಸಾರುವೆ ಗೋಡೆಗೆ ಕಚ್ಚಿಸೋ ಬೋಲ್ಟು. ಪೂರ್ವಕ್ಕೆ ತಗೊಂಡು ಹೋದ್ರು, ಉತ್ತರಕ್ಕೆ ತಗೊಂಡು ಹೋದ್ರು. ಪಶ್ಚಿಮಕ್ಕೆ ಯಾರೂ ಬರ್ಲಿಲ್ಲ. ಅವಸರ ಅಂತೆ. ಬೋಲ್ಟು ಹಾಕೋಕೆ ನಾಲ್ಕು ಆಳಿಗೆ ಎರಡು ದಿನ ಹಿಡಿಯತ್ತೆ. ಅದನ್ನ ಉಳಿಸಿದಾನೆ ನಮ್ಮ ಜಾಣ."

"ತಮ್ಮನಿಗೆ ಹೇಳಲಿಲ್ವಾ?"

"ಹೇಳದೆ? ಊಟಕ್ಕೆ ಬಡಿಸ್ತಾ ಹೇಳ್ದೆ, ಕೈ ತೊಳೀತಾ ಹೇಳ್ದೆ. ಅಕ್ಕ, ನೀನು ಬಿಟ್ರೆ ಮೋಡಕ್ಕೂ ಹಗ್ಗ ಹಾಕ್ತೀಯ ಅಂತ ನಗ್ತಾನೆ. ಇಡೀ ಊರಿಗೆ ಹೇಳ್ಕೊಂಡು ಬಂದಿದಾನೆ, ಐದು ವರ್ಷದ ತನಕ ನನ್ನನ್ನ ಕಂಬಕ್ಕೆ ಕಟ್ತಿದ್ದಳು ನಮ್ಮಕ್ಕ ಅಂತ."

"ಕಟ್ತಿದ್ರಾ?"

"ಕಟ್ತಿದ್ದೆ." ಅವಳು ಸ್ವಲ್ಪ ಹೊತ್ತು ಪೆನ್ನಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ತಾನೇ ಪ್ರಶ್ನೆ ಶುರುಮಾಡಿದಳು. "ಅಲ್ಲಾ ಸಾರ್, ನೀವು ಎಳೆದಿದೀರಲ್ಲ ಆ ಪಟ್ಟಿ. ಅದು ಎಷ್ಟು ದಿನ ಇರತ್ತೆ?"

"ಕೇಸು ಮುಗಿಯೋ ತನಕ."

"ಕೇಸು ಯಾವಾಗ ಮುಗಿಯತ್ತೆ?"

"ಮಾಡಿದವರು ಸಿಕ್ಕಿದ ಮೇಲೆ."

"ಅವರು ಸಿಕ್ಕಿದ ಕೂಡಲೇ ಆಳು ಹತ್ತಿಸ್ತಾನಾ ಇವನು?"

"ಹತ್ತಿಸ್ತಾರೆ."

"ಹಂಗಾದ್ರೆ ಅವರು ಸಿಗಲ್ಲ ಬಿಡಿ," ಅಂದಳು ಅಕ್ಕ, ಪೊಲೀಸರ ಕಣ್ಣಲ್ಲಿ ಕಣ್ಣಿಟ್ಟು.

ಹೊರಗೆ ಬಂದ ಮೇಲೆ ಪೇದೆಗೆ ತಡೆಯಲಾಗಲಿಲ್ಲ. "ಸರ್, ಅದೇ ದಾರ, ಅದೇ ಗಂಟು! ಕರ್ಕೊಂಡು ಹೋಗೋಣ್ವಾ?"

ಇನ್‌ಸ್ಪೆಕ್ಟರು ಪಶ್ಚಿಮದ ಸಾರುವೆಯ ಕಡೆ ನೋಡುತ್ತಿದ್ದರು. ಗಾಳಿ ಜೋರಾಗಿರಲಿಲ್ಲ. ಆದರೂ ಮೇಲಿನ ತುದಿ ಗೋಡೆಯನ್ನು ಬಿಟ್ಟು, ಮತ್ತೆ ಕೂಡಿ, ಮತ್ತೆ ಬಿಡುತ್ತಿತ್ತು. ಈಗ ಬಂಧಿಸಿದರೆ ನಾಳೆ ಬೆಳಗ್ಗೆ ಅದರ ಮೇಲೆ ಹದಿನೆಂಟು ಜನ ಇರುತ್ತಾರೆ. ಬಂಧಿಸದಿದ್ದರೆ ಗೊತ್ತಿದ್ದೂ ಬಿಟ್ಟ ಹಾಗೆ.

"ದಾರ ಒಂದೇ ಅಂತ ಕಣ್ಣಲ್ಲಿ ನೋಡಿ ಹೇಳಿದರೆ ಕೋರ್ಟು ಒಪ್ಪಲ್ಲಮ್ಮ. ಗೂಡಿದ್ದ ಪೈಪನ್ನೇ ಅಳತೆ ಮಾಡಿ ಎರಡನೇ ಪಂಚನಾಮೆ ಮಾಡಬೇಕು. ಅದಕ್ಕೆ ನಾವು ಹೊರಗಿನಿಂದಲೇ ಹತ್ತಬೇಕು. ಆ ಜಾಗ ಪೊಲೀಸರು ಹತ್ತೋ ಸ್ಥಿತಿಯಲ್ಲಿದೆಯಾ?"

ಪೇದೆ ಮೇಲೆ ನೋಡಿದಳು, ಅವರನ್ನು ನೋಡಿದಳು. ಅವಳ ಮುಖ ಅರಳಿತು. "ಇಲ್ಲವೇ ಇಲ್ಲ ಸರ್. ತುಂಬಾ ಉಸಿರಾಡತ್ತೆ."

ಅಂದೇ ಸಂಜೆ ಗುತ್ತಿಗೆದಾರನಿಗೆ ನೋಟಿಸು ಹೋಯಿತು: ತನಿಖೆಗೆ ಸಿಬ್ಬಂದಿ ಸಾರುವೆ ಹತ್ತಬೇಕಾಗಿರುವುದರಿಂದ, ಅದನ್ನು ಗೋಡೆಗೆ ಭದ್ರಪಡಿಸುವ ಮಟ್ಟಿಗೆ ನಾಲ್ಕು ಆಳುಗಳಿಗೆ, ಬೆಲ್ಟು ಕಟ್ಟಿಕೊಂಡು, ಒಳಗಿನ ಕಿಟಕಿಗಳಿಂದ ಕೆಲಸ ಮಾಡಲು ಅನುಮತಿ. ಅದಾಗುವ ತನಕ ಸ್ಥಳ ಪೊಲೀಸ್ ವಶದಲ್ಲಿರುತ್ತದೆ.

ಗುತ್ತಿಗೆದಾರ ಫೋನಿನಲ್ಲಿ ಹೌಹಾರಿದ. "ಮೊದಲು ಹಕ್ಕಿ, ಈಗ ಪೊಲೀಸು! ಎಲ್ಲರಿಗೂ ನನ್ನ ಸಾರುವೆಯೇ ಬೇಕಾ ಸಾರ್?"

"ದಿನಾ ಹತ್ತೋರು ಯಾರೂ ಅದನ್ನ ಭದ್ರ ಮಾಡಿ ಅಂತ ಕೇಳಲಿಲ್ವಾ?" ಅಂದರು ಇನ್‌ಸ್ಪೆಕ್ಟರ್.

ಆ ಕಡೆ ಫೋನು ಕಟ್ಟಾಯಿತು. ಆದರೆ ಶುಕ್ರವಾರ ಬೆಳಗಾಗುತ್ತಿದ್ದಂತೆ ಗೋಣಿಚೀಲಗಳ ಹೊಲಿಗೆ ಬಿಚ್ಚಿತು. ಏಣಿಮಾಮನೇ ನಿಂತು ಮಾಡಿಸಿದ. ಮೇಲಿನ ಅಂತಸ್ತಿನಲ್ಲಿ ಅಳತೆ ಹಿಡಿಯುವ ಮೊದಲು ಸಾರುವೆಗೂ ಗೋಡೆಗೂ ನಡುವೆ ಕೈ ಹಾಕಿ ನೋಡಿದನಂತೆ. ಮೊಣಕೈ ತನಕ ಸಲೀಸಾಗಿ ಹೋಯಿತಂತೆ. ಆಮೇಲೆ ಅವನು ಇಡೀ ದಿನ ತಮಾಷೆ ಮಾಡಲಿಲ್ಲ.

ಶನಿವಾರ ಸಂಜೆ ಐದಕ್ಕೆ ಎರಡನೆಯ ಪಂಚನಾಮೆ ಮುಗಿಯಿತು. ಇನ್‌ಸ್ಪೆಕ್ಟರು ಹೊರಗಿನಿಂದಲೇ ಹತ್ತಿದರು. ಸಾರುವೆ ಉಸಿರಾಡಲಿಲ್ಲ, ಅವರೇ ಉಸಿರಾಡಿದರು. ಇಳಿದು ಠಾಣೆಗೆ ಬಂದರೆ ಗುತ್ತಿಗೆದಾರ ಬೆಂಚಿನ ಮೇಲೆ ಕಾದು ಕೂತಿದ್ದ.

"ಈಗಲಾದರೂ ಆ ಕಳ್ಳನನ್ನ ಹಿಡೀತೀರಾ ಸಾರ್?"

"ಕಳ್ಳ ಅಲ್ಲ ಕಣೋ, ಕಳ್ಳಿ," ಎಂದು ಬಾಗಿಲಲ್ಲಿ ದನಿ ಕೇಳಿತು. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಯಲ್ಲಿ ಒಂದು ಚೀಲ ಹಿಡಿದು ನಿಂತಿದ್ದಳು. "ಪ್ರತಿಯೊಂದು ಬೋಲ್ಟನ್ನೂ ಕೈಯಾರೆ ಎಳೆದು ನೋಡ್ಕೊಂಡು ಬಂದೆ ಸಾರ್. ಗಟ್ಟಿಯಾಗಿವೆ. ಈಗ ನಾನು ಸಿಕ್ಕಿದೆ ನೋಡಿ."

ಗುತ್ತಿಗೆದಾರ ಎದ್ದವನು ಮತ್ತೆ ಕೂತ. "ಅಕ್ಕಾ... ನೀನಾ?"

"ನಾನೇ. ಮೊಟ್ಟೆಗೆ ಚುಕ್ಕೆ ಇಡೋಕೆ ಎಷ್ಟು ಕಷ್ಟಪಟ್ಟಿದೀನಿ ಗೊತ್ತಾ? ನೀನು ಕೋಲಲ್ಲಿ ಒಡೆದೆ."

"ನನ್ನ ಹತ್ತಿರ ಹೇಳಬಹುದಿತ್ತಲ್ಲ!"

"ಹೇಳ್ದೆ. ನನ್ನ ಮಾತಿಗೆ ನಗ್ತೀಯ. ಹಕ್ಕಿ ಮಾತಿಗೆ ಕೈಕಟ್ಟಿ ನಿಂತೆ. ಊಟ ಮಾಡಿದ್ಯಾ?"

"ಇಲ್ಲ."

"ಗೊತ್ತಿತ್ತು. ಡಬ್ಬಿ ತಂದಿದೀನಿ. ಮೊದಲು ತಿನ್ನು, ಆಮೇಲೆ ಜಾಮೀನು ಕೊಡು."

ಐದೂಮುಕ್ಕಾಲಿಗೆ ಬಂಧನ ದಾಖಲಾಯಿತು. ಪೇದೆ ಹೇಳಿಕೆ ಬರೆದುಕೊಂಡಳು. ಯಾಕೆ ಮಾಡಿದಿರಿ ಎಂಬ ಪ್ರಶ್ನೆ ಬಂದಾಗ ಅಕ್ಕ ಮೊದಲ ಸಲ ತಡವರಿಸಿದಳು. ಗುತ್ತಿಗೆದಾರ ಡಬ್ಬಿಯ ಮುಂದೆ ತಲೆ ತಗ್ಗಿಸಿ ಕೂತಿದ್ದ.

"ನಮ್ಮಮ್ಮ ಕಟ್ಟಡದಲ್ಲಿ ಕಲ್ಲು ಹೊರ್ತಿದ್ದಳು. ಇವನಿಗೆ ಆಗ ಮೂರು ವರ್ಷ, ನನಗೆ ಹನ್ನೆರಡು. ನಾನೂ ಇಟ್ಟಿಗೆ ಹೊರಬೇಕಿತ್ತು, ಇವನನ್ನ ನೋಡ್ಕೊಳ್ಳೋರು ಇಲ್ಲ. ಅದಕ್ಕೆ ಸೊಂಟಕ್ಕೆ ಹಗ್ಗ ಹಾಕಿ ಕಂಬಕ್ಕೆ ಕಟ್ತಿದ್ದೆ. ಅಳ್ತಿದ್ದ. ಗಾರೆಯವನೊಬ್ಬನ ಮಗನೂ ಇವನ ವಾರಿಗೆಯವನೇ. ಇಬ್ಬರೂ ಒಟ್ಟಿಗೆ ಆಡ್ತಿದ್ರು. ಅವನನ್ನೂ ಕಟ್ಟಿಹಾಕಿ ಅಂತ ಅವರಮ್ಮನಿಗೆ ಹೇಳ್ದೆ. ಮಗುವನ್ನ ಕರು ಥರ ಕಟ್ತಾರೇನೇ ಅಂತ ನಕ್ಕಳು. ಮಾರನೇ ವಾರ ಆ ಹುಡುಗ ಮೇಲಿಂದ ಬಿದ್ದ, ಉಳೀಲಿಲ್ಲ."

ಇನ್‌ಸ್ಪೆಕ್ಟರು ನೀರಿನ ಲೋಟ ಅವಳ ಕಡೆ ಸರಿಸಿದರು. ಗುತ್ತಿಗೆದಾರ ಮುಖ ಎತ್ತಿದ. ಕಂಬದ ಕತೆಯನ್ನು ನೂರು ಸಲ ನಗಿಸಿ ಹೇಳಿದವನು ಈ ಅರ್ಧವನ್ನು ಇಂದೇ ಕೇಳಿದ್ದು.

"ನನಗ್ಯಾಕೆ ಇದನ್ನ ಹೇಳಲಿಲ್ಲ ಅಕ್ಕ?"

"ನೀನು ನಗ್ತಾ ಇದ್ದೆಯಲ್ಲೋ. ಅದು ಸಾಕಾಗಿತ್ತು ನನಗೆ."

ಜಾಮೀನಿನ ಕಾಗದ ತಯಾರಾಗುವಷ್ಟರಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ. ಚೀಲದಿಂದ ಹಸಿರು ದಾರ ತೆಗೆದು, ಠಾಣೆಯ ಹೊಸ ಪೆನ್ನನ್ನು ಮೇಜಿನ ಕಾಲಿಗೆ ಕಟ್ಟಿ, ಪೇದೆಯಿಂದ ಬೆಂಕಿಪೊಟ್ಟಣ ಕೇಳಿ ತುದಿ ಸುಟ್ಟಳು. ಆ ಪೆನ್ನಿನಲ್ಲೇ ಗುತ್ತಿಗೆದಾರ ಸಹಿ ಹಾಕಿದ. ಅಭ್ಯಾಸಬಲದಿಂದ ಜೇಬಿಗೆ ಸಿಕ್ಕಿಸಲು ಹೋದ, ದಾರ ತಡೆಯಿತು.

ಕೇಸು ನಡೆಯಿತು. ಅಕ್ಕ ತಪ್ಪೊಪ್ಪಿಕೊಂಡಳು, ಕೋರ್ಟು ದಂಡ ಹಾಕಿತು, ತಮ್ಮ ಕಟ್ಟಿದ. ಬ್ಯಾಂಕಿನವರು ಯೋಜನೆಯನ್ನು ವಾಪಸು ತರಿಸಿ, ಸೇಫ್ಟಿ ಆಫೀಸರ್ ಮೊದಲು ಬರೆದಿದ್ದ ಮನುಷ್ಯರ ಸಾಲನ್ನು ಹಕ್ಕಿಯ ಸಾಲಿನ ಮೇಲೆ ಹಾಕಿಸಿದರು. ಅದಕ್ಕೆ ಗುತ್ತಿಗೆದಾರ ತುಟಿಪಿಟಿಕ್ಕೆನ್ನದೆ ಸಹಿ ಮಾಡಿದ. ಆಸ್ಪತ್ರೆ ಹದಿನೈದು ದಿನ ತಡವಾಗಿ ಬಾಗಿಲು ತೆರೆಯಿತು. ಕಂತಿನ ಬಡ್ಡಿ, ಕ್ರೇನಿನ ಬಾಡಿಗೆ ಕಳೆದು ಆ ಕೆಲಸದಲ್ಲಿ ಅವನಿಗೆ ಲಾಭವೆಂದು ಉಳಿದದ್ದು ಏನೂ ಇಲ್ಲ. ಪಶ್ಚಿಮದ ಸಾರುವೆ ಹತ್ತಿದ ಹದಿನೆಂಟು ಜನ ಪ್ರತಿ ಸಂಜೆ ತಮ್ಮ ಕಾಲಮೇಲೆ ಇಳಿದು ಮನೆಗೆ ಹೋದರು.